ಟಿವಿಯೊಳಗಿನ ಅಕ್ಕಿ ಮಾರಿದ್ದು

ಚಿಕ್ಕಮಗಳೂರಿನ ಐ.ಜಿ. ರಸ್ತೆ ಪಕ್ಕದ ನನ್ನ ದಿನಸಿ ಅಂಗಡಿಯಲ್ಲಿ ಈಗ ಮೂಟೆ ಇಲ್ಲ, ರ್‍ಯಾಕ್ ಇಲ್ಲ. ಗೋಡೆಗೆ ಸಾಮಾನಿನ ಚಿತ್ರ, ರೇಟು ತೋರಿಸೋ ಮೂರು ಟಿವಿ, ಮುಂದೊಂದು ಮೇಜು. ಸಾಮಾನೆಲ್ಲ ಹಿರೇಮಗಳೂರು ಕಡೆ ಗೋದಾಮಿನಲ್ಲಿ. "ಟಿವಿಯೊಳಗಿನ ಅಕ್ಕಿ ಬೇಯುತ್ತೇನೋ?" ಅಂತ ನಮ್ಮ ಭಾವ ನಕ್ಕಿದ್ದರು. ಈಗ ಅವರ ಮನೆ ಚೀಟಿಯೂ ಇಲ್ಲಿಗೇ ಬರುತ್ತೆ.

2011ರಲ್ಲಿ ಸಿಯೋಲ್‌ನ ಮೆಟ್ರೊ ನಿಲ್ದಾಣದಲ್ಲಿ ಸೂಪರ್‌ಮಾರ್ಕೆಟ್ ಕಂಪನಿ ಹೋಮ್‌ಪ್ಲಸ್‌ನವರು ಸಾಮಾನಿನ ಚಿತ್ರ ಹಾಕಿ, ಫೋನಲ್ಲಿ ಸ್ಕ್ಯಾನ್ ಮಾಡಿಸಿ ಮಾರಿದ್ದು ನಿಮಗೂ ಗೊತ್ತಿರಬಹುದು. ಅಲ್ಲಿದ್ದದ್ದು ಮುದ್ರಿಸಿದ ಚಿತ್ರ, ಹಿಂದೆ ದೀಪ. ನಮಗೆ ಅದು ಆಗಲ್ಲ. ಕೊಬ್ಬರಿ ಎಣ್ಣೆ ರೇಟು ಏರಿದಾಗೆಲ್ಲ ಪ್ರಿಂಟು ಹಾಕಿಸೋರು ಯಾರು? ಹಾಗಾಗಿ ಟಿವಿ. ಸೆಕೆಂಡ್ ಹ್ಯಾಂಡ್, ಒಂದೊಂದಕ್ಕೆ 11–12 ಸಾವಿರ ಆಗಿರಬೇಕು. ಇನ್ವರ್ಟರ್, ಬ್ಯಾಟರಿಗೆ ಹತ್ತಿರಹತ್ತಿರ 30 ಸಾವಿರ. ಮಳೆಗಾಲದ ಕರೆಂಟಿನ ಕಥೆ ಗೊತ್ತಲ್ಲ, ಇದರಲ್ಲಿ ಜಿಪುಣತನ ಬೇಡ.

ಹೆಚ್ಚು ತಲೆ ತಿಂದದ್ದು ಟಿವಿಯಲ್ಲಿ ಸಾಮಾನಿಗೆ ಹಾಕಿದ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ವಾಟ್ಸ್‌ಆ್ಯಪ್ ತೆರೆದು ಸಾಮಾನಿನ ಹೆಸರು ತಾನಾಗಿ ಬರಬೇಕು ಅಂತ ಕನ್ನಡದಲ್ಲೇ ಹಾಕಿಸಿದ್ದೆ. ಲಿಂಕಿನೊಳಗೆ ಕನ್ನಡ ಹೇಗೆ ಊದಿಕೊಳ್ಳುತ್ತೆ ಅಂದರೆ, ಪ್ರತಿ ಅಕ್ಷರವೂ %, ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲಾಗಿ 'ತೊಗರಿಬೇಳೆ' ಒಂದಕ್ಕೇ 81 ಅಕ್ಷರ! ಕೋಡಿನೊಳಗಿನ ಚೌಕಗಳು ರಾಗಿ ಕಾಳಿನಂತಾದವು, ಹಳೇ ಫೋನುಗಳು ಓದಲೇ ಇಲ್ಲ. ಮಧ್ಯಾಹ್ನ ಬಾಗಿಲಿಂದ ಬಿಸಿಲು ಬಿದ್ದರೆ ಹೊಸ ಫೋನೂ ಓದುತ್ತಿರಲಿಲ್ಲ. ಒಂದು ತಿಂಗಳು ವ್ಯಾಪಾರ ಅರ್ಧಕ್ಕಿಳಿಯಿತು. ಹೆಸರು ತೆಗೆದು ಎರಡಂಕಿ ನಂಬರ್ ಕೊಟ್ಟ ಮೇಲೆ ಕೋಡಿನ ಚೌಕ ದೊಡ್ಡದಾಯ್ತು, ಸರಿಯಾಯ್ತು. ತಮಾಷೆ ಅಂದರೆ, ಆಮೇಲೆ ಬಹಳ ಜನ ಸ್ಕ್ಯಾನ್ ಮಾಡೋದನ್ನೇ ಬಿಟ್ಟರು. "ಅಣ್ಣ, ಹದಿನಾಲ್ಕು ಎರಡು ಕೆಜಿ, ಮೂವತ್ತೊಂದು ಒಂದು" ಅಂತ ಬಾಯಲ್ಲೇ ಹೇಳ್ತಾರೆ. ಹೇಳಲಿ, ಬಿಲ್ ಆದರೆ ಸಾಕು.

ಅಕ್ಕಿ, ಬೇಳೆ, ಬೆಲ್ಲ ಮುಟ್ಟದೆ ಯಾರೂ ಕೊಳ್ಳಲ್ಲ. ಅದಕ್ಕೆ ಮೇಜಿನ ಮೇಲೆ ಸ್ಯಾಂಪಲ್ ಬಾಟಲಿ, ಅದೇ ನಂಬರ್ ಬರೆದು. ಸೋಪು, ಪೇಸ್ಟು, ಬಿಸ್ಕತ್ತಿಗೆ ಚಿತ್ರವೇ ಸಾಕು. ಆಲ್ದೂರು, ಮಲ್ಲಂದೂರು ಕಡೆಯವರು ಬೆಳಿಗ್ಗೆ ಬಂದಾಗ ಹೇಳಿ ಪೇಟೆ ಕೆಲಸಕ್ಕೆ ಹೋಗ್ತಾರೆ, ಸಂಜೆ ಬಸ್ ಹತ್ತೋ ಹೊತ್ತಿಗೆ ಚೀಲ ಸ್ಟ್ಯಾಂಡಿಗೆ ಹೋಗಿರುತ್ತೆ. ಬರಲಾಗದ ತೋಟದವರಿಗೆ ಕಂಡಕ್ಟರ್ ಕೈಲಿ.

ದುಡ್ಡು ಉಳಿದದ್ದು ಬಾಡಿಗೆಯಲ್ಲಿ ಅಂತ ಎಲ್ಲರೂ ಅಂದುಕೊಳ್ತಾರೆ. ಹೌದು, 28 ಸಾವಿರದ ಜಾಗದಲ್ಲಿ ಈಗ ಅಂಗಡಿ, ಗೋದಾಮು ಸೇರಿ 16ರ ಆಸುಪಾಸು. ಗೋದಾಮಿಂದ ತರೋ ಆಟೊ ಆ ಉಳಿತಾಯದಲ್ಲೂ ತಿಂಗಳಿಗೆ ಐದಾರು ಸಾವಿರ ತಿನ್ನುತ್ತೆ. ನಿಜವಾದ ಲಾಭ ಸ್ಟಾಕಿನಲ್ಲಿ. ನಿಧಾನಕ್ಕೆ ಖರ್ಚಾಗೋ ಸಾಮಾನು ಟಿವಿಯಲ್ಲಿರುತ್ತೆ, ಗೋದಾಮಿನಲ್ಲಿರಲ್ಲ. ಕೇಳಿದ ಮೇಲೆ ಹೋಲ್‌ಸೇಲ್‌ನಿಂದ ತರಿಸ್ತೀನಿ. ನಾಲ್ಕು ಲಕ್ಷದ ಬಂಡವಾಳ ಎರಡೂಕಾಲಕ್ಕೆ ಇಳಿದಿದೆ, ಡೇಟ್ ಮುಗಿದು ಎಸೆಯೋದು ಹೆಚ್ಚುಕಮ್ಮಿ ನಿಂತೇ ಹೋಗಿದೆ.

ಗೋದಾಮಿನ ತರಕಾರಿಯನ್ನು ಕ್ಯಾಮೆರಾದಲ್ಲಿ ಲೈವ್ ತೋರಿಸಿಯೂ ನೋಡಿದೆ. ಟೊಮ್ಯಾಟೊ ಟಿವಿಯಲ್ಲಿ ಕೆಂಪಗೆ, ಚೀಲದಲ್ಲಿ ದೋರೆ, ಬರೀ ಜಗಳ. ಕೈಬಿಟ್ಟೆ. ಕಾಫಿ ಪುಡಿ ಮಾತ್ರ ನಾನೇ ನೆನೆಸದಷ್ಟು ಓಡಿತು. 100, 80:20, 70:30 ಅಂತ ಚಿಕೋರಿ ಲೆಕ್ಕ ತೋರಿಸಿ, ಆರ್ಡರ್ ಬಂದ ಮೇಲೆ ಪುಡಿ ಮಾಡಿಸಿ ಕೊಡೋದು. ವಾರಕ್ಕೆ ಹತ್ತು ಕೆಜಿ ಹೋಗುತ್ತಿದ್ದದ್ದು ಈಗ 25 ದಾಟುತ್ತೆ. ಕಾಫಿ ಚಿತ್ರದ ಪಕ್ಕಕ್ಕೆ ಯಾವ ಸಾಮಾನು ಇಟ್ಟಿದ್ದೀನಿ ಅಂತ ಮಾತ್ರ ಕೇಳಬೇಡಿ, ನಮ್ಮ ಬೀದಿಯಲ್ಲೇ ಇನ್ನೊಬ್ಬರು ಟಿವಿ ಹಾಕಿಸ್ತಿದ್ದಾರೆ.