ಚೀಟಿ ಎತ್ತಿ ನೋಡಿ: ಬಿ-ಸ್ಕೂಲ್ ಸಂಶೋಧನೆಯನ್ನು ನಮ್ಮ ಕೆಲಸಕ್ಕೆ ಇಳಿಸಿಕೊಳ್ಳುವುದು ಹೇಗೆ?

‘ತರಬೇತಿ ಕೊಟ್ಟರೆ ಲಾಭ ಹೆಚ್ಚುತ್ತದೆ ಅಂತ ಸಂಶೋಧನೆಯೇ ಹೇಳಿದೆ’ ಎಂಬ ಮಾತು ಮೀಟಿಂಗುಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಯಾರಿಗೆ ತರಬೇತಿ, ಯಾರಿಗೆ ಲಾಭ ಎಂದು ಕೇಳುವವರು ಕಡಿಮೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ ನಡೆದ ಒಂದು ಅಧ್ಯಯನವನ್ನು ಮುಂದಿಟ್ಟುಕೊಂಡು, ಬಿಸಿನೆಸ್ ಸ್ಕೂಲುಗಳ (ಬಿ-ಸ್ಕೂಲ್) ಇಂಥ ಸಂಶೋಧನೆಯನ್ನು ಓದುವ ಬಗೆಯನ್ನು ನೋಡೋಣ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

‘ಕಂಪನಿ ಬೆಳೆಸುವುದು ಹೇಗೆ’ ಎಂದರೆ ಯಾವ ಪ್ರಬಂಧದಲ್ಲೂ ಉತ್ತರ ಸಿಗದು. ‘ಹೊಸ ಆಪರೇಟರ್‌ಗಳು ಮೂರೇ ತಿಂಗಳಿಗೆ ಕೆಲಸ ಬಿಡುತ್ತಾರೆ, ಏನು ಮಾಡಲಿ’ ಎಂದು ಬರೆದುಕೊಳ್ಳಿ.

ಹೆಜ್ಜೆ 2: ಸುದ್ದಿ ಬಿಡಿ, ಮೂಲ ಹಿಡಿಯಿರಿ

ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಪ್ರಬಂಧ ಅಚ್ಚಾದ ಸಂಶೋಧನಾ ಪತ್ರಿಕೆ ದುಡ್ಡು ಕೇಳಿದರೂ ಪ್ರಬಂಧದ ಕರಡು ಹೆಚ್ಚಿನ ಸಲ ಲೇಖಕರ ಪುಟದಲ್ಲಿ ಉಚಿತವಾಗಿ ಇರುತ್ತದೆ. ಕರಡಿನ ಅಂಕಿಗಳು ಅಚ್ಚಾಗುವ ಹೊತ್ತಿಗೆ ಬದಲಾಗಿರಬಹುದು, ವರ್ಷ ನೋಡಿಕೊಳ್ಳಿ. ಸಮೀಕರಣಗಳಿಗೆ ಹೆದರಬೇಡಿ, ಸಾರಾಂಶ, ಪೀಠಿಕೆ, ಪ್ರಯೋಗ ನಡೆಸಿದ ವಿಧಾನ ಇಷ್ಟು ಓದಿದರೆ ಶುರುವಿಗೆ ಸಾಕು.

ಹೆಜ್ಜೆ 3: ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ?

ಇಲ್ಲಿ ಆತುರ ಬೇಡ. ಅಮೆರಿಕದ ಎಂಐಟಿ ಸ್ಲೋನ್ ಬಿ-ಸ್ಕೂಲ್‌ನ ನಮ್ರತಾ ಕಲಾ, ಅಚ್ಯುತ ಅಧ್ವರ್ಯು ಮತ್ತು ಅನಂತ್ ನೈಷಧಂ ಸೇರಿ ಸಿದ್ಧ ಉಡುಪು ರಫ್ತು ಮಾಡುವ ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಐದು ಕಾರ್ಖಾನೆಗಳಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಅಚ್ಚಾಯಿತು. ಹೊಲಿಗೆ ಲೈನಿನ ಹೆಣ್ಣುಮಕ್ಕಳಿಗೆ ಸುಮಾರು 80 ತಾಸಿನ ಪಾಠ. ಕಲಿಸಿದ್ದು ಹೊಲಿಗೆಯನ್ನಲ್ಲ, ಅಳುಕಿಲ್ಲದೆ ಮಾತನಾಡುವುದು, ಸಮಯ ಹೊಂದಿಸಿಕೊಳ್ಳುವುದು, ತೊಡಕು ಬಂದಾಗ ಬಿಡಿಸುವುದು, ಇಂಥವು.

2,700ಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. ಅವರಲ್ಲಿ ಯಾರಿಗೆ ಅವಕಾಶ ಎಂಬುದನ್ನು ಸೂಪರ್‌ವೈಸರ್‌ಗೆ ಬಿಡದೆ ಲಾಟರಿಗೆ ಬಿಟ್ಟರು: ಮೊದಲು ಲೈನುಗಳ ಆಯ್ಕೆ, ಆಮೇಲೆ ಆ ಲೈನುಗಳೊಳಗೆ ಕೆಲಸಗಾರರ ಆಯ್ಕೆ. ಅಧ್ಯಯನದ ಜೀವವೇ ಇದು. ಸೂಪರ್‌ವೈಸರ್ ಆರಿಸಿದ್ದರೆ ಚುರುಕಾದವರನ್ನು, ರಜೆ ಹಾಕದವರನ್ನು ಕಳಿಸುತ್ತಿದ್ದರು. ಅವರು ಪಾಠವಿಲ್ಲದೆಯೂ ಹೆಚ್ಚು ಪೀಸು ಹೊಲಿಯುತ್ತಿದ್ದರು. ಕೀರ್ತಿ ಮಾತ್ರ ತರಬೇತಿಗೆ ಸಲ್ಲುತ್ತಿತ್ತು. ಚೀಟಿ ಎತ್ತಿದಾಗ ಎರಡೂ ಗುಂಪುಗಳಲ್ಲಿ ಎಲ್ಲ ಥರದವರೂ ಇರುತ್ತಾರೆ. ಇನ್ನೂ ಒಂದು ಅನುಕೂಲವಾಯಿತು. ತರಬೇತಿ ಪಡೆದವರ ಪಕ್ಕದಲ್ಲೇ ಕೂತು ಹೊಲಿಯುವ, ತರಬೇತಿ ಸಿಗದವರ ಉತ್ಪಾದಕತೆಯೂ ಏರಿದ್ದು ಕಣ್ಣಿಗೆ ಬಿತ್ತು.

ನೀವು ಓದುವ ಪ್ರಬಂಧದಲ್ಲಿ ಇಂಥ ಹೋಲಿಕೆ ಇಲ್ಲವಾದರೆ ಅದು ಹೇಳುವುದನ್ನು ಸುಳಿವು ಎಂದು ಇಟ್ಟುಕೊಳ್ಳಿ, ಪುರಾವೆ ಎಂದಲ್ಲ.

ಹೆಜ್ಜೆ 4: ಲಾಭ ಯಾರ ಕೈ ಸೇರಿತು?

ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಶೇ 13.5ರಷ್ಟು ಹೆಚ್ಚಿತು. ಕಂಪನಿ ಹಾಕಿದ ದುಡ್ಡಿಗೆ ಸಿಕ್ಕ ನಿವ್ವಳ ಪ್ರತಿಫಲ ಶೇ 256. ಆ ಹೆಣ್ಣುಮಕ್ಕಳ ಸಂಬಳ ಏರಿದ್ದು ಶೇ 0.5. ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಿದಾಗ ನನಗೆ ಸಂಕಟವಾಯಿತು. ಮೊದಲೆರಡು ಮಾತ್ರ ಹೇಳಿ ಮೂರನೆಯದನ್ನು ಬಿಡುವ ಪ್ರೆಸೆಂಟೇಷನ್ ಅರ್ಧ ಸತ್ಯ. ಮಾಲೀಕರಾಗಿದ್ದರೆ ಸಂಬಳದ ಪಾಲನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕೆಲಸಗಾರರಾಗಿದ್ದರೆ, ಕಲಿತದ್ದಕ್ಕೆ ಪ್ರಮಾಣಪತ್ರ ಕೇಳಿ ಇಟ್ಟುಕೊಳ್ಳಿ. ಇಂಥ ಗುಣ ಇನ್ನೊಂದು ಕಂಪನಿಯವರಿಗೆ ಹೊರಗಿನಿಂದ ಕಾಣುವುದಿಲ್ಲ.

ಐಟಿಯವರಿಗೂ ಈ ಹೆಜ್ಜೆ ಬೇಕು. ಪ್ರವಾಸದ ಟಿಕೆಟ್, ಹೋಟೆಲ್ ಬುಕ್ ಮಾಡಿಕೊಡುವ ಚೀನಾದ ಸಿಟ್ರಿಪ್ ಕಂಪನಿ 2010–11ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರ ಜೊತೆಗೂಡಿ ಕಾಲ್‌ಸೆಂಟರ್‌ನಲ್ಲಿ ಪ್ರಯೋಗ ಮಾಡಿತು. ಹೆಸರು ಕೊಟ್ಟವರಲ್ಲಿ ಹುಟ್ಟಿದ ತಾರೀಖು ಸಮಸಂಖ್ಯೆ ಇದ್ದವರಿಗೆ ಒಂಬತ್ತು ತಿಂಗಳು ವಾರಕ್ಕೆ ನಾಲ್ಕು ದಿನ ಮನೆಯಿಂದ ಕೆಲಸ. ಅವರ ಕೆಲಸ ಶೇ 13ರಷ್ಟು ಹೆಚ್ಚಿತು, ಎಲ್ಲರೂ ಹೇಳುವುದು ಇದನ್ನೇ. ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಕಚೇರಿಯವರಿಗೆ ಹೋಲಿಸಿದರೆ ಅವರಿಗೆ ಬಡ್ತಿ ಸಿಗುವ ಸಾಧ್ಯತೆ ಕಡಿಮೆಯಾಯಿತು ಎಂಬುದೂ ಅದೇ ಪ್ರಬಂಧದಲ್ಲಿದೆ.

ಹೆಜ್ಜೆ 5: ಕಾರಣ ನಿಮ್ಮಲ್ಲೂ ಇದೆಯೇ?

ಶಾಹಿ ಅಧ್ಯಯನದ ಇದೇ ಮೂವರು ಸಂಶೋಧಕರು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ದನ್ನೂ ಅಧ್ಯಯನ ಮಾಡಿದರು. ವಿದ್ಯುತ್ ಉಳಿತಾಯ ಮಾತ್ರ ಲೆಕ್ಕ ಹಾಕಿದರೆ ಹೂಡಿದ ಹಣ ಮರಳಲು ಮೂರೂವರೆ ವರ್ಷಕ್ಕೂ ಹೆಚ್ಚು ಬೇಕು. ಎಲ್‌ಇಡಿ ಕಡಿಮೆ ಬಿಸಿಯಾಗುವುದರಿಂದ ಸೆಕೆಯ ದಿನಗಳಲ್ಲಿ ಉತ್ಪಾದನೆ ಕುಸಿಯುವುದು ತಗ್ಗಿತು; ಅದನ್ನೂ ಸೇರಿಸಿದರೆ ಎಂಟು ತಿಂಗಳೊಳಗೆ ಮರಳುತ್ತದೆ. ಇಲ್ಲಿ ಕೆಲಸ ಮಾಡಿದ್ದು ಸೆಕೆ ತಗ್ಗಿದ್ದು. ಎಸಿ ಇರುವ ಕಚೇರಿಗೆ ಈ ಎಂಟು ತಿಂಗಳ ಲೆಕ್ಕ ಹೊಂದುವುದಿಲ್ಲ.

ಹೆಜ್ಜೆ 6: ಮತ್ತೊಮ್ಮೆ ಪರೀಕ್ಷೆಗೆ ನಿಂತಿತೇ?

ಫಾರಂನ ಕೊನೆಯಲ್ಲಿ ಸಹಿ ಹಾಕಿಸುವ ಬದಲು ಆರಂಭದಲ್ಲೇ ಹಾಕಿಸಿದರೆ ಜನ ಪ್ರಾಮಾಣಿಕರಾಗುತ್ತಾರೆ ಎಂದು 2012ರಲ್ಲಿ ಬಂದ ಪ್ರಬಂಧ ಭಾರೀ ಹೆಸರು ಮಾಡಿತು. ಅದರ ಲೇಖಕರೇ ಮತ್ತೆ ಮಾಡಿ ನೋಡಿದಾಗ ಫಲ ಸಿಗಲಿಲ್ಲ. 2021ರಲ್ಲಿ ಪ್ರಬಂಧವನ್ನೇ ಹಿಂತೆಗೆದುಕೊಳ್ಳಲಾಯಿತು. ಹೆಸರಿನ ಜೊತೆ ‘ರಿಟ್ರಾಕ್ಟೆಡ್’ ಎಂದಿದೆಯೇ ನೋಡುವುದು ಒಂದು ನಿಮಿಷದ ಕೆಲಸ.

ಹೆಜ್ಜೆ 7: ನಿಮ್ಮಲ್ಲೇ ಚೀಟಿ ಎತ್ತಿ

ನಲವತ್ತು ಜನರ ಯೂನಿಟ್ ಎಂದುಕೊಳ್ಳಿ. ತರಬೇತಿ ಬೇಕೆನ್ನುವವರ ಹೆಸರು ಬರೆಸಿ, ಎಲ್ಲರ ಎದುರೇ ಚೀಟಿ ಎತ್ತಿ ಅರ್ಧದಷ್ಟು ಜನರನ್ನು ಮೊದಲ ಬ್ಯಾಚಿಗೆ ಕಳಿಸಿ. ಏನನ್ನು ಅಳೆಯುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ: ದಿನದ ಪೀಸು, ರಜೆ, ತಪ್ಪು ಸರಿಪಡಿಸಲು (ಆಲ್ಟರ್‌ಗೆ) ವಾಪಸ್ ಬಂದ ಮಾಲು. ಇಷ್ಟು ಸಣ್ಣ ಗುಂಪಿನಲ್ಲಿ ಒಂದಿಬ್ಬರ ಜ್ವರವೂ ಸರಾಸರಿ ಕೆಡಿಸುತ್ತದೆ, ಹಾಗಾಗಿ ಒಂದು ತಿಂಗಳಿಗೇ ತೀರ್ಪು ಕೊಡಬೇಡಿ. ಮೂರ್ನಾಲ್ಕು ತಿಂಗಳ ಲೆಕ್ಕ ಇಡಿ. ಚೀಟಿಯಲ್ಲಿ ಹೆಸರು ಬಾರದವರಿಗೆ ಎರಡನೇ ಬ್ಯಾಚಿನ ತಾರೀಖನ್ನು ಅವತ್ತೇ ನೋಟಿಸ್ ಬೋರ್ಡಿಗೆ ಹಾಕಿ.