ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟುವ ಮೊದಲು ರೂಟರ್ ಒಳಗೆ ಇಣುಕಿ

ಊರಿನ ತೋಟದ ಪಂಪ್‌ಸೆಟ್ ಹತ್ತಿರ ಹಾಕಿಸಿದ ಕ್ಯಾಮೆರಾವನ್ನು ಬೆಂಗಳೂರಿನಲ್ಲಿ ಕೂತು ನೋಡಬೇಕು ಅಂತ ಎರಡು ಭಾನುವಾರ ಹಾಳು ಮಾಡಿಕೊಂಡೆ. ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಡಬ್ಬಿ) ಸರಿ ಇತ್ತು, ಹೊರಗಿನಿಂದ ಬಂದ ಸಂಪರ್ಕವನ್ನು ಅದರತ್ತ ಕಳಿಸುವ ಪೋರ್ಟ್ ಫಾರ್ವರ್ಡಿಂಗ್ ಸರಿ ಇತ್ತು. ಆದರೆ ತೋಟದ ರೂಟರ್‌ಗೆ ಪಬ್ಲಿಕ್ ಐಪಿಯೇ, ಅಂದರೆ ಹೊರಗಿನ ಇಂಟರ್ನೆಟ್‌ನಿಂದ ನೇರ ತಲುಪಬಹುದಾದ ವಿಳಾಸವೇ ಇರಲಿಲ್ಲ! ಆ ವಿಳಾಸ ಸ್ಟ್ಯಾಟಿಕ್ಕೋ (ಬದಲಾಗದ್ದು) ಡೈನಮಿಕ್ಕೋ (ಆಗಾಗ ಬದಲಾಗುವಂಥದ್ದು) ಅನ್ನುವುದೆಲ್ಲ ಆಮೇಲಿನ ಮಾತು.

ಮೊದಲು ರೂಟರ್ ತಿರುವಿ ನೋಡಿ. ಅಡಿಯ ಸ್ಟಿಕರ್‌ನಲ್ಲಿ 192.168.1.1 ಥರದ ವಿಳಾಸ ಇರುತ್ತದೆ. ಮನೆಯ ವೈಫೈನಲ್ಲಿದ್ದುಕೊಂಡೇ ಅದನ್ನು ಬ್ರೌಸರ್‌ಗೆ ಹಾಕಿ, ಲಾಗಿನ್ ಆಗಿ, ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ಎಷ್ಟಿದೆ ಅಂತ ಬರೆದುಕೊಳ್ಳಿ. ಎರಡು ರೂಟರ್ ಇದ್ದರೆ ಫೈಬರ್ ಬಂದು ಸೇರುವ ಡಬ್ಬಿಯದನ್ನೇ ನೋಡಬೇಕು. ಈಗ ಗೂಗಲ್‌ನಲ್ಲಿ ‘ವಾಟ್ ಈಸ್ ಮೈ ಐಪಿ’ ಅಂತ ಹುಡುಕಿ. ಕೋಲನ್‌ಗಳಿರುವ ಉದ್ದನೆಯದು ಬಂದರೆ ಅದು ಐಪಿವಿ6, ಅದನ್ನು ಬಿಟ್ಟು ಚುಕ್ಕಿಗಳಿರುವ ಐಪಿವಿ4 ಹುಡುಕಿ. ಎರಡೂ ಒಂದೇ ಇದ್ದರೆ ನಿಮ್ಮದು ಪಬ್ಲಿಕ್. ಬೇರೆ ಬೇರೆ ಇದ್ದು, ರೂಟರ್‌ನಲ್ಲಿರುವುದು 100.64ರಿಂದ 100.127ರೊಳಗಿದ್ದರೆ ನೀವು ಸಿಜಿನ್ಯಾಟ್ (ಒಂದೇ ಪಬ್ಲಿಕ್ ಐಪಿಯನ್ನು ಕಂಪನಿ ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ. 10ರಿಂದ ಶುರುವಾದರೂ ಬಹುತೇಕ ಅದೇ ಕಥೆ.

ಅಂದರೆ ಇಡೀ ಅಪಾರ್ಟ್‌ಮೆಂಟಿಗೆ ಒಂದೇ ಡೋರ್ ನಂಬರ್. ನೀವು ಹೊರಗೆ ಹೋಗಿ ಬರಬಹುದು, ಆದರೆ ಹೊರಗಿನವರು ಬಂದರೆ ಯಾವ ಮನೆಗೆ ಕಳಿಸಬೇಕು ಅಂತ ವಾಚ್‌ಮನ್‌ಗೆ ಗೊತ್ತಿಲ್ಲ. ಐಪಿವಿ4 ವಿಳಾಸಗಳು ಇರುವುದೇ ಸುಮಾರು 429 ಕೋಟಿ, ನಮ್ಮ ಏಷ್ಯಾ ಪೆಸಿಫಿಕ್ ಭಾಗದ ದಾಸ್ತಾನು 2011ರಲ್ಲೇ ಹೆಚ್ಚುಕಮ್ಮಿ ತಳ ಕಂಡಿತು. ಹಂಚಿಕೊಳ್ಳದೆ ಇನ್ನೇನು ಮಾಡ್ತಾರೆ?

ಸಿನಿಮಾ, ಯುಪಿಐ, ವಿಡಿಯೋ ಕಾಲ್ ಇಷ್ಟೇ ಆದರೆ ಡೈನಮಿಕ್ ಸಾಕು. ಸ್ಟ್ಯಾಟಿಕ್ ಹಾಕಿಸಿದರೆ ಸ್ಪೀಡ್ ಜಾಸ್ತಿಯಾಗುತ್ತೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರ್ ಕಾಣೆಯಾಗುತ್ತಾ? ಅದು ಮನೆಯೊಳಗಿನ ವಿಳಾಸದ ತಾಪತ್ರಯ. ರೂಟರ್‌ನ ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ ಪ್ರಿಂಟರ್‌ಗೆ ಒಂದು ನಂಬರ್ ಕಾಯಂ ಮಾಡಿ, ಪೈಸೆ ಖರ್ಚಿಲ್ಲ.

ಹೊರಗಿನಿಂದ ಮನೆಯನ್ನು ನೋಡಬೇಕು, ಪಬ್ಲಿಕ್ ಐಪಿಯೂ ಇದೆ ಅಂದರೆ ಡಕ್‌ಡಿಎನ್‌ಎಸ್ ಥರದ ಉಚಿತ ಸೇವೆ ಸಾಕು. ಐಪಿ ಬದಲಾದರೂ ಹೆಸರು ಅದೇ ಇರುತ್ತದೆ. ಸಿಜಿನ್ಯಾಟ್ ಆದರೆ ಕ್ಯಾಮೆರಾ ಜೊತೆ ಬರುವ ಆ್ಯಪ್, ಇಲ್ಲವೇ ಟೇಲ್‌ಸ್ಕೇಲ್ (ನಿಮ್ಮ ಸಾಧನಗಳನ್ನು ಖಾಸಗಿ ಜಾಲದಲ್ಲಿ ಬೆಸೆಯುವ ಸೇವೆ). ನಾನು ಮೂಲೆಯಲ್ಲಿ ಬಿದ್ದಿದ್ದ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಟೇಲ್‌ಸ್ಕೇಲ್ ಹಾಕಿ ತೋಟದ ರೂಟರ್‌ಗೆ ಸಿಕ್ಕಿಸಿದೆ. ಈಗ ಪಂಪ್‌ಸೆಟ್ ಕಾಣುತ್ತೆ, ಲೆನ್ಸ್ ಮೇಲೆ ಜೇಡ ಬಲೆ ಕಟ್ಟದ ದಿನ.

ಆಫೀಸಿನವರು ‘ನಿಮ್ಮ ಐಪಿ ಕೊಡಿ, ವೈಟ್‌ಲಿಸ್ಟ್ ಮಾಡ್ತೀವಿ’ (ಆ ಐಪಿಯಿಂದ ಬಂದರೆ ಒಳಗೆ ಬಿಡ್ತೀವಿ) ಅಂದರೆ, ಅಥವಾ ಮನೆಯಲ್ಲೇ ಮೇಲ್ ಸರ್ವರ್ ಇಡುವ ಹುಚ್ಚಿದ್ದರೆ, ಸ್ಟ್ಯಾಟಿಕ್ ಬೇಕೇ ಬೇಕು. ಕೇಳುವಾಗ ‘ಪಬ್ಲಿಕ್ ಸ್ಟ್ಯಾಟಿಕ್ ಐಪಿವಿ4’ ಅಂತ ಪೂರ್ತಿ ಹೇಳಿ. ಮನೆ ಪ್ಲಾನಿಗೇ ಕೊಡುತ್ತಾರಾ, ವರ್ಷಕ್ಕೆ ಎಷ್ಟು, ಯಾವುದಾದರೂ ಪೋರ್ಟ್ ಬ್ಲಾಕ್ ಮಾಡಿದ್ದಾರಾ ಅಂತ ಮೊದಲೇ ವಿಚಾರಿಸಿ. ತೆರೆದ ಪೋರ್ಟ್ ಹುಡುಕುವ ಬಾಟ್‌ಗಳು ಹಗಲೂ ರಾತ್ರಿ ಬಾಗಿಲು ತಟ್ಟುತ್ತಾ ಇರುತ್ತವೆ. ಹಾಗಾಗಿ ಐಪಿ ಬಂದ ದಿನವೇ ರೂಟರ್, ಡಿವಿಆರ್ ಎರಡರಲ್ಲೂ ‘ಅಡ್ಮಿನ್’ ಅನ್ನುವ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ಸೆಟ್ಟಿಂಗ್ ಬದಲಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ.