ಜುವಾರಿ ಹೊಳೆಬಾಯಿಯ ಪಚ್ಚಿಲೆ ಆರೋಗ್ಯ ಪರೀಕ್ಷಿಸುವ ಬಗೆ

ಗೋವಾದ ಜುವಾರಿ ನದಿ ಕಡಲು ಸೇರುವಲ್ಲಿ ಬಂಡೆಗೆ ಅಂಟಿ ಬೆಳೆಯುವ ಪಚ್ಚಿಲೆ (ಗೋವಾ ಮಾರುಕಟ್ಟೆಯ ಶಿಣಾಣ್ಯೊ) ನೀರು ಸೋಸಿ ತಿಂದು ಬದುಕುವ, ಎರಡು ಚಿಪ್ಪಿನ ಜೀವಿ. ಹಡಗಿನ ತಳಕ್ಕೆ ಬಳಿಯುವ ಬಣ್ಣದ ತಾಮ್ರ, ಕೆಸರಿನ ಸೀಸ, ಕ್ಯಾಡ್ಮಿಯಂ ಅದರ ಮಾಂಸದಲ್ಲಿ ಕೂಡಿಕೊಳ್ಳುತ್ತವೆ. ನೀರಿನ ಪಿಎಚ್ (ಆಮ್ಲ–ಕ್ಷಾರದ ಅಳತೆ) ಇಳಿದರೆ, ಅಂದರೆ ಆಮ್ಲತೆ ಏರಿದರೆ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಅದೇ ಕಾರ್ಬೊನೇಟ್ ಹಿಡಿದಿಟ್ಟಿದ್ದ ತಾಮ್ರವೂ ಬಿಡಿಯಾಗಿ ವಿಷ ಏರುತ್ತದೆ. ಕ್ಯಾಡ್ಮಿಯಂನ ದಾರಿ ಬೇರೆ: ಅದನ್ನು ಕಟ್ಟಿಹಾಕುವುದು ಕ್ಲೋರೈಡ್, ಹಾಗಾಗಿ ಮಳೆನೀರು ಸೇರಿ ಉಪ್ಪು ಇಳಿದಾಗ ಅದು ಹೆಚ್ಚು ಬಿಡಿಯಾಗುತ್ತದೆ. ಪಿಎಚ್, ಉಪ್ಪು, ಲೋಹ ಮೂರನ್ನೂ ಒಟ್ಟಿಗೆ ನೋಡದೆ ಕಾರಣ ಹೇಳಲು ಹೋಗಬೇಡಿ.

ಪಿಎಚ್‌ಗೆ ಲಿಟ್ಮಸ್ ಕಾಗದ ಸಾಲದು. ಕೈಗಾರಿಕಾ ಯುಗದಿಂದ ಈಚೆಗೆ ತೆರೆದ ಸಮುದ್ರದ ಪಿಎಚ್ ಇಳಿದದ್ದೇ ಸುಮಾರು 8.2ರಿಂದ 8.1ಕ್ಕೆ, ಅಷ್ಟು ಸಣ್ಣ ವ್ಯತ್ಯಾಸ ಕಾಗದದಲ್ಲಿ ಕಾಣದು. ಪಿಎಚ್ ಮೀಟರನ್ನು 7 ಮತ್ತು 10ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಹೊಂದಿಸಿ, ಗುಳ್ಳೆ ಉಳಿಯದಂತೆ ಬಾಟಲಿ ತುಂಬಿಸಿ, ಆದಷ್ಟು ಬೇಗ ಓದಿ. ಹಗಲಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಪಿಎಚ್ ಏರಿಸುತ್ತದೆ, ರಾತ್ರಿ ಇಳಿಯುತ್ತದೆ. ಪ್ರತಿ ಸಲವೂ ಒಂದೇ ಹೊತ್ತು, ಭರತ–ಇಳಿತದ ಒಂದೇ ಹಂತ ಇರಲಿ.

ಮಾದರಿಗೆ 50ರಿಂದ 60 ಮಿ.ಮೀ. ಉದ್ದದ 25 ಪಚ್ಚಿಲೆ ಸಾಕು, ಎಲ್ಲವೂ ಬಂಡೆಯ ಒಂದೇ ಎತ್ತರದಿಂದ. ಜುವಾರಿ ದಡದ ಚಿಖಲಿಯಲ್ಲಿ ಸಿಗುವ ತೆಳು, ಪಾರದರ್ಶಕ ಕಿಟಕಿ ಚಿಪ್ಪು ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ, ಅದನ್ನು ಮುಟ್ಟಬೇಡಿ. ತಂದವನ್ನು ಸೋಸಿದ ಶುದ್ಧ ಸಮುದ್ರದ ನೀರಲ್ಲಿ 24 ಗಂಟೆ ಇಡಿ, ನಡುವೆ ನೀರು ಬದಲಿಸಿ. ಇಲ್ಲದಿದ್ದರೆ ಕಕ್ಕಿದ ಕೆಸರನ್ನೇ ಮತ್ತೆ ಸೋಸಿ ತಿನ್ನುತ್ತವೆ, ಹೊಟ್ಟೆಯ ಮಣ್ಣಿನ ಲೋಹ ಮಾಂಸದ ಲೆಕ್ಕಕ್ಕೆ ಸೇರುತ್ತದೆ.

ಹತ್ತನ್ನು ಬಿಚ್ಚಿ, ಮಾಂಸ ಮತ್ತು ಚಿಪ್ಪನ್ನು ಬೇರೆ ಬೇರೆ ಮಾಡಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಒಣ ಮಾಂಸದ ತೂಕವನ್ನು ಒಣ ಚಿಪ್ಪಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಪುಷ್ಟಿಯ ಅಂಕ ಸಿಗುತ್ತದೆ. ಮೊಟ್ಟೆ ಬಿಟ್ಟ ಬಳಿಕ ಇದು ತಾನಾಗಿಯೇ ಕುಸಿಯುತ್ತದೆ, ಮಾಲಿನ್ಯ ಬೇಕಿಲ್ಲ. ಹಾಗಾಗಿ ಜನವರಿಯ ಅಂಕವನ್ನು ಆಗಸ್ಟ್‌ನದರ ಪಕ್ಕ ಇಡುವುದು ತಪ್ಪು. ಇನ್ನೊಂದು ಮೋಸವೂ ಇದೆ: ಆಮ್ಲದಿಂದ ಚಿಪ್ಪು ತೆಳುವಾದರೆ ಭಾಜಕ ಸಣ್ಣದಾಗಿ, ಬಡಕಲು ಪಚ್ಚಿಲೆಯೂ ಪುಷ್ಟವಾಗಿ ತೋರುತ್ತದೆ. ಚಿಪ್ಪಿನ ತೂಕವನ್ನು ಉದ್ದದ ಜೊತೆ ಪ್ರತ್ಯೇಕ ಬರೆದಿಡಿ. ಕೀಲಿನ ತುದಿಯಲ್ಲಿ ಹಸಿರು ಹೊರಪದರ ಸುಲಿದು ಸುಣ್ಣ ಸವೆದಿದೆಯೇ ನೋಡಿ.

ಇನ್ನು ಹತ್ತನ್ನು ನೆರಳಿನಲ್ಲಿ ಒದ್ದೆ ಬಟ್ಟೆಯ ಕೆಳಗೆ, ನೀರಿಲ್ಲದೆ ಇಡಿ. ದಿನಕ್ಕೊಮ್ಮೆ ಮುಟ್ಟಿ, ಬಾಯಿ ತೆರೆದದ್ದು ಮುಚ್ಚದಿದ್ದರೆ ಸತ್ತಿದೆ. ಅರ್ಧ ಸಾಯುವ ದಿನವನ್ನು ಹೊರಗಡಲ ಬಂಡೆಯಿಂದ ತಂದವುಗಳ ದಿನದೊಂದಿಗೆ ಹೋಲಿಸಿ. ಲೋಹದ ಹೊರೆ ಹೊತ್ತವು ಬೇಗ ಸೋಲುತ್ತವೆ. ಖರ್ಚಿಲ್ಲದ ಪರೀಕ್ಷೆಗಳಲ್ಲಿ ಇದನ್ನೇ ನಾವು ಹೆಚ್ಚು ನಂಬುತ್ತೇವೆ.

ಉಳಿದ ಐದರ ಮಾಂಸ ಪ್ರಯೋಗಾಲಯಕ್ಕೆ. ಲೋಹದ ಚಾಕು ಬೇಡ, ಪ್ಲಾಸ್ಟಿಕ್ ಚಾಕು, ಪ್ಲಾಸ್ಟಿಕ್ ಚೀಲ ಬಳಸಿ. ವರದಿ ಬಂದಾಗ ಮೊದಲು ನೋಡಬೇಕಾದ್ದು ಹಸಿ ತೂಕವೋ ಒಣ ತೂಕವೋ ಎಂದು. ಮಾಂಸದಲ್ಲಿ ಸುಮಾರು 80 ಶೇಕಡಾ ನೀರು, ಆದ್ದರಿಂದ ಒಣ ತೂಕದ ಅಂಕಿ ಸುಮಾರು ಐದು ಪಟ್ಟು ದೊಡ್ಡದು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಕ್ಯಾಡ್ಮಿಯಂ ಮಿತಿ ಕಿಲೋಗೆ 2 ಮಿ.ಗ್ರಾಂ, ಯುರೋಪಿನ ಸೀಸದ ಮಿತಿ 1.5 ಮಿ.ಗ್ರಾಂ, ಎರಡೂ ಹಸಿ ತೂಕಕ್ಕೆ. ಮಿತಿ ದಾಟಿದ್ದನ್ನು ಅಡುಗೆಮನೆಯಲ್ಲಿ ಸರಿಮಾಡಲಾಗದು: ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಲೋಹ ಮಾಂಸದಲ್ಲೇ ಉಳಿಯುತ್ತದೆ.